ಕ್ರೈಸ್ತಬೋಧಕಥೆಗಳ ಗುಣದೋಷವಿಚಾರ

ಕೋಲಾರದ ಚಿನ್ನದ ಗಣಿಗಳ ಪ್ರಾಂತದಲ್ಲಿ, ಅದರಲ್ಲಿಯೂ ಚಾಂಪಿಯನ್ ರೀಫ್ಸ್ ಎಂಬ ಭಾಗದಲ್ಲಿ, ಕ್ರೈಸ್ತಮತಕ್ಕೆ ಸೇರುವವನಿಗೆ ನಡೆಯುವ ಮೊದಲನೆಯ ಸಂಸ್ಕಾರಕ್ಕೆ ಎರಡು ಹೆಸರುಗಳುಂಟು. ತಮಿಳು ನುಡಿಯುವವರಿಗೆ ಅದು ‘ಜ್ಞಾನಸ್ನಾನ’. ಕನ್ನಡದ ಸತ್ಯವೇದವನ್ನು ಓದುವವರಿಗೆ ‘ದೀಕ್ಷಾಸ್ನಾನ’. ಎರಡೂ ಸಂಸ್ಕೃತಸಮಾಸಗಳೇ, ಎರಡನ್ನೂ ಕಟ್ಟಿದವರು ಸಮುದ್ರವನ್ನು ದಾಟಿ ಬಂದ ಪಾದ್ರಿಗಳು ಮತ್ತು ಅವರ ಬಳಿ ಕುಳಿತ ಈ ದೇಶದ ಪಂಡಿತರು. ಸೋಮಯಾಗದಲ್ಲಿ ಯಜಮಾನನು ಸ್ನಾನಮಾಡಿ ದೀಕ್ಷೆಯನ್ನು ವಹಿಸುವನು. ಯಾಗವು ಮುಗಿದಮೇಲೆ ಅವಭೃಥಸ್ನಾನದಿಂದ ಅದನ್ನು ವಿಸರ್ಜಿಸುವನು. ಕ್ರೈಸ್ತರ ದೀಕ್ಷೆಗಾದರೋ ಅವಭೃಥವಿಲ್ಲ. ಒಮ್ಮೆ ನೀರಿಗಿಳಿದವನು ಆಜೀವವೂ ದೀಕ್ಷಿತನೇ. ಇನ್ನು ‘ಜ್ಞಾನಸ್ನಾನ’ವು ಸ್ಮೃತಿಕಾರರು ಹೇಳುವ ಮಾನಸಸ್ನಾನಕ್ಕೆ ಸಮೀಪವಾದುದು, ಅಲ್ಲಿ ನೀರು ಗೌಣ, ಮನಸ್ಸು ಮುಖ್ಯ. ಒಂದೇ ಊರಿನಲ್ಲಿ, ಒಂದೇ ಕ್ರಿಯೆಗೆ, ಎರಡು ಶಾಸ್ತ್ರಗಳ ವಾಸನೆಯುಳ್ಳ ಎರಡು ಪದಗಳು ನಿಂತಿರುವುದು ಶಬ್ದಾರ್ಥವಿಚಾರವುಳ್ಳವರಿಗೆ ಸ್ವಾರಸ್ಯವಾದ ಸಂಗತಿ. ಆ ಪದಗಳನ್ನು ಜನರ ಬಾಯಿಗೆ ತಂದ ಪುಸ್ತಕಗಳಾದರೋ ಸಾಹಿತ್ಯಚರಿತ್ರೆಗಳಲ್ಲಿ ಒಂದೆರಡು ವಾಕ್ಯಗಳಿಗೆ ಮೀರಿ ಸ್ಥಳವನ್ನು ಪಡೆದಿಲ್ಲ. ಅವುಗಳನ್ನು ಗದ್ಯದ ಚರಿತ್ರೆಗೆ ಉಪಕರಣವೆಂದು ಸ್ಮರಿಸುವರೇ ಹೊರತು ಪುಸ್ತಕಗಳೆಂದು ಓದುವವರು ವಿರಳ. ಮನಸ್ಸನ್ನು ತಿದ್ದಬೇಕು, ಭಕ್ತಿಯನ್ನು ಹುಟ್ಟಿಸಬೇಕು ಎಂಬ ಉದ್ದೇಶದಿಂದಲೇ ಹುಟ್ಟಿದ ಕಥೆಗಳು ಕಾವ್ಯದೃಷ್ಟಿಯಿಂದ ಎಷ್ಟರಮಟ್ಟಿಗೆ ನಿಲ್ಲುವುವು, ಎಲ್ಲಿ ಕುಸಿಯುವುವು ಎಂಬುದು ಪ್ರಕೃತ ವಿಚಾರ.

ಈ ವಿಚಾರಕ್ಕೆ ಚಾಂಪಿಯನ್ ರೀಫ್ಸಿಗಿಂತ ಯೋಗ್ಯವಾದ ನೆಲೆ ಸಿಕ್ಕುವುದು ಕಷ್ಟ. ೧೮೮೦ರಿಂದೀಚೆಗೆ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರ ಆಡಳಿತದಲ್ಲಿ ಗಣಿಗಳು ಬೆಳೆದವು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲುದಾರಿ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಬಂದಿತು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು ಮೊದಲಾದ ತಮಿಳು ಸೀಮೆಗಳವರು, ಬಳಿಕ ತೆಲುಗರು, ಮೇಲ್ವಿಚಾರಣೆಗೆ ಇಂಗ್ಲೀಷರು ಮತ್ತು ಆಂಗ್ಲೋ-ಇಂಡಿಯನ್ನರು. ಹೀಗೆ ಕನ್ನಡನಾಡಿನ ನೆಲದೊಳಗೆ, ಒಂದು ಹರಿದಾರಿಯ ಸುತ್ತಿನಲ್ಲಿ, ನಾಲ್ಕು ಭಾಷೆಗಳ ಪ್ರಾರ್ಥನೆಗಳು ಕೇಳಬರುವಂತಾಯಿತು. ಅತ್ತ ಕೋಲಾರದಲ್ಲಿ ೧೮೭೬–೭೮ರ ಘೋರಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಎಂಬಾಕೆ ಅನಾಥಾಶ್ರಮವನ್ನು ನಡೆಸಿದಳು. ೧೮೯೦ರಲ್ಲಿ ಅದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಂಘದವರ ಕೈಸೇರಿತು. ಬಂಗಾರಪೇಟೆ ಕೋಲಾರಗಳ ಸುತ್ತಣ ಹಳ್ಳಿಗಳ ಕ್ರೈಸ್ತರಿಗೆ ಕನ್ನಡವೂ ತೆಲುಗೂ ಓದಿನ ಭಾಷೆಗಳಾದರೆ, ಹತ್ತು ಮೈಲಿಯಾಚೆಯ ಗಣಿಯ ಕ್ರೈಸ್ತರಿಗೆ ತಮಿಳು. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರನ್ನೂ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೂ ಕನ್ನಡಕ್ಕೆ ಕೊಟ್ಟ ಜಿಲ್ಲೆಯೊಳಗೆಯೇ, ಕನ್ನಡದ ಮುದ್ರಿತ ಪುಸ್ತಕವು ನೆಲದಡಿಯಲ್ಲಿ ದುಡಿಯುವ ಸಾವಿರಾರು ಜನರ ಕೈಗೆ ಹೋಗದೆ ಉಳಿಯಿತೆಂಬುದನ್ನು ಮೊದಲೇ ಗಮನಿಸಬೇಕು. ಕನ್ನಡ ಕ್ರೈಸ್ತಗ್ರಂಥಗಳ ದೌರ್ಬಲ್ಯವೆಂದು ಹೇಳುವುದರಲ್ಲಿ ಒಂದು ಭಾಗವು ಗ್ರಂಥದ ದೋಷವಲ್ಲ, ಭೂಗೋಳದ ದೋಷ.

ಕನ್ನಡದಲ್ಲಿ ಈ ವಾಙ್ಮಯವು ಎರಡು ದಾರಿಗಳಿಂದ ಬಂದಿತು. ಹಳೆಯದು ಜೆಸ್ವಿತರದು. ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಪಾದ್ರಿಯು ಹದಿನೇಳನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಮಧುರೆಯ ರಾಬರ್ಟೊ ನೊಬಿಲಿಯ ಕ್ರಮವನ್ನನುಸರಿಸಿ ಸಂನ್ಯಾಸಿವೇಷದಿಂದಿದ್ದು, ಕನ್ನಡದಲ್ಲಿ ಮತಬೋಧೆಯ ಗ್ರಂಥಗಳನ್ನು ರಚಿಸಿದನು. ಗೋವೆಯ ಸಾಷ್ಟಿಯಲ್ಲಿದ್ದ ಥಾಮಸ್ ಸ್ಟೀಫನ್ಸನು ೧೬೧೬ರಲ್ಲಿ ಮುದ್ರಿಸಿದ, ಓವೀಛಂದಸ್ಸಿನ ಮರಾಠೀ ‘ಕ್ರಿಸ್ತಪುರಾಣ’ವು ಮಂಗಳೂರಿನ ಕೊಂಕಣಿ ಕ್ರೈಸ್ತರಲ್ಲಿ ಉಳಿದುಬಂದು ೧೯೦೭ರಲ್ಲಿ ಆ ಊರಿನಲ್ಲಿಯೇ ಮತ್ತೆ ಅಚ್ಚಾಯಿತು. ಎರಡನೆಯ ದಾರಿ ಪ್ರಾಟೆಸ್ಟೆಂಟರದು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಸತ್ಯವೇದದ ಪೂರ್ಣಭಾಷಾಂತರವು ೧೮೩೧ರಲ್ಲಿ ಮುಗಿಯಿತು. ಬೆಂಗಳೂರಿನ ವೆಸ್ಲಿಯನ್ ಮಿಶನ್ನಿನ ಗ್ಯಾರೆಟ್ಟನು ಭಗವದ್ಗೀತೆಯನ್ನೇ ಅಚ್ಚು ಹಾಕಿಸಿದನು. ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯವು ೧೮೪೧ರಲ್ಲಿ ಕಲ್ಲಚ್ಚಿನಿಂದ ಆರಂಭವಾಗಿ ೧೮೫೧ರಲ್ಲಿ ಮೊಳೆಯಚ್ಚಿಗೆ ಏರಿತು. ಅಲ್ಲಿಂದ ಹೆರ್ಮನ್ ಮೋಗ್ಲಿಂಗನು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದೂ, ೧೮೪೮ರಿಂದ ೧೮೫೩ರವರೆಗೆ ‘ಬಿಬ್ಲಿಯೋಥೆಕಾ ಕರ್ಣಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳು ಮೊದಲಾದವನ್ನು ಪ್ರಕಟಿಸಿದುದೂ ಸರ್ವವಿದಿತ. ಅದೇ ಸಂಸ್ಥೆಯವರು ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಮಿಶನ್ನಿನ ಹಂಚು ಎಲ್ಲ ಮತದವರ ಮನೆಗಳ ಮೇಲೂ ಏರಿತು. ಮಿಶನ್ನಿನ ಪುಸ್ತಕವು ಆ ಮನೆಗಳ ಒಳಕ್ಕೆ ಹೋದದ್ದು ಅಪೂರ್ವ. ಅದಕ್ಕೆ ಕಾರಣವನ್ನು ಓದುವವರ ಮತದ್ವೇಷದಲ್ಲಿ ಮಾತ್ರ ಹುಡುಕುವುದು ಪಾದ್ರಿಗಳ ವಾಡಿಕೆ. ಪುಸ್ತಕದಲ್ಲಿ ಹುಡುಕುವುದು ವಿಮರ್ಶಕನ ಕರ್ತವ್ಯ.

ಮೊದಲು ಗುಣಪಕ್ಷ. ಈ ಗ್ರಂಥಗಳಿಂದ ಕನ್ನಡಕ್ಕೆ ಆದ ಲಾಭಗಳಲ್ಲಿ ಪರಿಭಾಷೆಯೇ ದೊಡ್ಡದು. ‘ಸುವಾರ್ತೆ’ ಎಂಬ ಚೆಲುವಾದ ಮಾತು ಅವರ ಕೊಡುಗೆ. ‘ಸತ್ಯವೇದ’ ಎಂಬುದರಲ್ಲಿ ವಿವಾದದ ಮೊನೆಯಿದೆಯಾದರೂ ಪದರಚನೆ ಶುದ್ಧವಾಗಿದೆ. ಪ್ರಾಟೆಸ್ಟೆಂಟರು ‘ನಂಬಿಕೆ’ ಎಂಬ ಅಚ್ಚಗನ್ನಡವನ್ನು ಆರಿಸಿಕೊಂಡರು, ಕಥೋಲಿಕರು ‘ವಿಶ್ವಾಸ’ವೆಂದರು. ಶರಣರೂ ದಾಸರೂ ‘ನಂಬು’ ಎಂಬ ಧಾತುವಿಗೆ ಮೊದಲೇ ಕಾವನ್ನು ತುಂಬಿದ್ದುದರಿಂದ ಇಲ್ಲಿ ಪ್ರಾಟೆಸ್ಟೆಂಟರ ಆಯ್ಕೆಯೇ ಉತ್ತಮವೆನ್ನಬೇಕು. ‘ಧರ್ಮ’ವೆಂಬ ಪದಕ್ಕೆ ಅಂಜಿ ‘ನೀತಿವಂತ’ನೆಂದು ಬರೆದುದು ಮಾತ್ರ ಅಷ್ಟು ಸಾಧುವಲ್ಲ. ನಮ್ಮ ವಾಙ್ಮಯದಲ್ಲಿ ನೀತಿಯೆಂದರೆ ಬಹುಮಟ್ಟಿಗೆ ಲೋಕಚಾತುರ್ಯ, ಚಾಣಕ್ಯನಿಗೂ ಶುಕ್ರನಿಗೂ ಸೇರಿದ ವಿದ್ಯೆ. ದೇವರ ಮುಂದೆ ನಿರ್ದೋಷಿಯಾಗಿ ನಿಲ್ಲುವವನನ್ನು ನೀತಿವಂತನೆಂದು ಕರೆದಾಗ ಹಳೆಯ ಓದುಗನಿಗೆ ಯುಧಿಷ್ಠಿರನು ನೆನಪಾಗುವುದಿಲ್ಲ, ವಿದುರನು ನೆನಪಾಗುವನು. ‘ಕರ್ತನು’ ಎಂಬುದರ ಗತಿಯೂ ವಿಚಿತ್ರ. ವೈಯಾಕರಣನಿಗೆ ಕರ್ತೃವು ಕ್ರಿಯೆಗೆ ಆಶ್ರಯನಾದವನು, ಸ್ವತಂತ್ರನು. ಕನ್ನಡ ತಮಿಳು ಕ್ರೈಸ್ತರಿಗೆ ಅದು ಸ್ವಾಮಿವಾಚಕ. ಪಾಣಿನಿಯ ‘ಸ್ವಾತಂತ್ರ್ಯ’ವೆಂಬ ಲಕ್ಷಣವು ಇಲ್ಲಿ ಈಶ್ವರನಿಗೆ ಅನಾಯಾಸವಾಗಿ ಒಪ್ಪಿರುವುದು, ಪದವನ್ನು ಕಟ್ಟಿದವರು ಅರಿತು ಮಾಡಿದರೋ ಅರಿಯದೆ ಮಾಡಿದರೋ, ಮೆಚ್ಚಬೇಕಾದುದೇ ಸರಿ.

ಕಥಾಗ್ರಂಥಗಳಲ್ಲಿ ಅಗ್ರಸ್ಥಾನವು ‘ಯಾತ್ರಿಕನ ಸಂಚಾರ’ಕ್ಕೆ ಸಲ್ಲುವುದು. ಇದರ ಮೂಲಕರ್ತನಾದ ಜಾನ್ ಬನಿಯನ್ನನು ಇಂಗ್ಲೆಂಡಿನ ಒಬ್ಬ ಪಾತ್ರೆ ಬೆಸೆಯುವ ಕಲಾಯಿಗಾರ. ಸರ್ಕಾರದ ಅನುಮತಿಯಿಲ್ಲದೆ ಮತಬೋಧೆ ಮಾಡಿದುದಕ್ಕಾಗಿ ಬೆಡ್‌ಫರ್ಡಿನ ಸೆರೆಯಲ್ಲಿ ಹನ್ನೆರಡು ವರ್ಷ ಕಳೆದವನು. ಅವನ ಗ್ರಂಥದ ಮೊದಲ ಭಾಗ ೧೬೭೮ರಲ್ಲಿಯೂ ಎರಡನೆಯದು ೧೬೮೪ರಲ್ಲಿಯೂ ಹೊರಬಿದ್ದವು. ಕನ್ನಡದ ಅನುವಾದವು ೧೮೪೦ರ ದಶಕದಲ್ಲಿ ಬಂದಿತು. ಕನ್ನಡ ಕಾದಂಬರಿಯ ಪೂರ್ವರಂಗವನ್ನು ಬರೆಯುವವರು ಅದನ್ನು ಬಿಟ್ಟು ಬರೆಯಲಾರರು. ವಿನಾಶಪುರದಲ್ಲಿ ಹುಟ್ಟಿದ ಒಬ್ಬನು ಬೆನ್ನಮೇಲೆ ಪಾಪದ ಹೊರೆಯನ್ನು ಹೊತ್ತು, ನಿರಾಶೆಯ ಕೆಸರನ್ನೂ ಆಡಂಬರದ ಸಂತೆಯನ್ನೂ ಸಂದೇಹದುರ್ಗವನ್ನೂ ದಾಟಿ ದಿವ್ಯನಗರವನ್ನು ಸೇರುವನು: ಇಷ್ಟೇ ಕಥೆ. ಪಾತ್ರಗಳೆಲ್ಲ ಗುಣಗಳ ಹೆಸರನ್ನು ಹೊತ್ತವು. ಈ ಬಗೆಯ ಪ್ರಬಂಧವು ಕನ್ನಡಿಗರಿಗೆ ಅಪೂರ್ವವಾಗಿತ್ತೆಂದು ಕೆಲವರು ಬರೆದಿರುವರು, ಇದು ಸರಿಯಲ್ಲ. ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕನೂ ಮಹಾಮೋಹನೂ ಸೈನ್ಯವನ್ನು ಕೂಡಿಸಿ ಕಾದುವರು, ವೇದಾಂತದೇಶಿಕರ ‘ಸಂಕಲ್ಪಸೂರ್ಯೋದಯ’ವು ಅದಕ್ಕೆ ಪ್ರತಿನಾಟಕ. ಕನ್ನಡದಲ್ಲಿ ಚಾಮರಸನ ‘ಪ್ರಭುಲಿಂಗಲೀಲೆ’ಯ ಬನವಸೆಯಲ್ಲಿ ಮಮಕಾರನೇ ದೊರೆ, ಮೋಹಿನಿಯೇ ರಾಣಿ, ಅವರ ಮಗಳು ಮಾಯೆ. ಮದ್ದಳೆ ಬಾರಿಸುವ ಅಲ್ಲಮನ ಬೆನ್ನುಹತ್ತಿ ಮಾಯೆಯು ಸೋಲುವ ಕಥೆಯನ್ನು ಕೇಳಿ ಬೆಳೆದ ನಾಡಿಗೆ ಬನಿಯನ್ನನ ಸಂಕೇತವು ಒಗಟಾಗಲಿಲ್ಲ. ಹೊಸದಾದುದು ಸಂಕೇತವಲ್ಲ, ನಾಯಕನು. ಕೃಷ್ಣಮಿಶ್ರನ ವಿವೇಕನು ಅರಸು. ಚಾಮರಸನ ಅಲ್ಲಮನು ಜನ್ಮತಃ ಸಿದ್ಧ. ಬನಿಯನ್ನನ ಯಾತ್ರಿಕನು ಹರಕುಬಟ್ಟೆಯುಟ್ಟ, ಹೆದರಿದ, ದಾರಿತಪ್ಪುವ ಸಾಮಾನ್ಯಮನುಷ್ಯ. ಮೋಕ್ಷದ ಕಥೆಯಲ್ಲಿ ಇಂಥವನು ನಾಯಕನಾಗಬಹುದೆಂದು ಗದ್ಯದಲ್ಲಿ ತೋರಿಸಿದುದು ಆ ಪುಸ್ತಕದ ದೊಡ್ಡ ಗುಣ.

ಆದರೆ ಮೂಲದಲ್ಲಿ ಕಲಾಯಿಗಾರನು ಸಂತೆಯ ಮಾತಿನಲ್ಲಿ ಆಡಿದುದನ್ನು ಮಂಗಳೂರಿನ ಅನುವಾದವು ಮುನ್ಷಿಯ ಮಾತಿನಲ್ಲಿ ಆಡಿಸಿತು. ಈ ದೋಷವು ಮಿಶನ್ ಗದ್ಯಕ್ಕೆಲ್ಲ ಸಾಧಾರಣ. ಅದು ಪಂಡಿತರ ಗದ್ಯವೂ ಅಲ್ಲ, ಪಾಮರರ ನುಡಿಯೂ ಅಲ್ಲ. ಜರ್ಮನ್ ಇಲ್ಲವೆ ಇಂಗ್ಲೀಷ್ ವಾಕ್ಯದ ಅನ್ವಯವನ್ನು ಕನ್ನಡ ಪ್ರತ್ಯಯಗಳಿಂದ ಕೂಡಿಸಿದ ಒಂದು ಮಧ್ಯಮಪದಾರ್ಥ. ಒಂದು ನೂರು ವರ್ಷಗಳ ಕಾಲ ಆ ನುಡಿಯಲ್ಲಿ ಪ್ರಾರ್ಥಿಸಿದವರಿಗೆ ಅದು ಪವಿತ್ರವಾಯಿತೆಂಬುದು ನಿಜ. ಆ ಪಾವಿತ್ರ್ಯವೇ ಅದನ್ನು ತಿದ್ದುವುದಕ್ಕೆ ಅಡ್ಡಿಯಾಯಿತೆಂಬುದೂ ನಿಜ.

ಇದೇ ಬನಿಯನ್ನನು ತಮಿಳಿನಲ್ಲಿ ಪಡೆದ ಪುನರ್ಜನ್ಮವನ್ನು ಇಲ್ಲಿ ಹೋಲಿಸಿ ನೋಡುವುದು ಅವಶ್ಯ. ಏಕೆಂದರೆ ಗಣಿಯ ತಮಿಳು ಕ್ರೈಸ್ತರಿಗೆ ಭಾಷೆಯಿಂದ ಹತ್ತಿರವಾದುದು ಅದು. ತಿರುನೆಲ್ವೇಲಿ ಸೀಮೆಯ ಎಚ್. ಎ. ಕೃಷ್ಣಪಿಳ್ಳೆಯು ವೈಷ್ಣವಕುಲದಲ್ಲಿ ೧೮೨೭ರಲ್ಲಿ ಹುಟ್ಟಿ, ಕಂಬರಾಮಾಯಣವನ್ನು ಕರಗತಮಾಡಿಕೊಂಡು, ೧೮೫೮ರಲ್ಲಿ ಕ್ರೈಸ್ತನಾದವನು. ಅವನು ಬನಿಯನ್ನನ ಕಥೆಯನ್ನು ‘ರಕ್ಷಣ್ಯ ಯಾತ್ರಿಕ’ವೆಂಬ ಮಹಾಕಾವ್ಯವಾಗಿ ಮಾಡಿ ೧೮೯೪ರಲ್ಲಿ ಪ್ರಕಟಿಸಿದನು. ಮತವನ್ನು ಬಿಟ್ಟರೂ ಕಂಬನನ್ನು ಬಿಡಲಿಲ್ಲವೆಂಬುದೇ ಅವನ ಶಕ್ತಿ. ಅದಕ್ಕಿಂತ ಮುಂಚೆ ಬೆಸ್ಕಿ ಪಾದ್ರಿಯ ‘ತೇಂಬಾವಣಿ’ಯೂ ತಮಿಳಿನಲ್ಲಿದ್ದಿತು. ಕನ್ನಡದಲ್ಲಿ ಇದಕ್ಕೆ ಎಣೆಯಾಗಿ ತೋರಿಸಬಹುದಾದುದು ಫರ್ಡಿನೆಂಡ್ ಕಿಟ್ಟೆಲನ ‘ಕಥಾಮಾಲೆ’. ೧೮೫೩ರಲ್ಲಿ ಈ ನಾಡಿಗೆ ಬಂದ ಜರ್ಮನ್ ತರುಣನು ಒಂಬತ್ತೇ ವರ್ಷಗಳಲ್ಲಿ, ೧೮೬೨ರ ವೇಳೆಗೆ, ಕ್ರಿಸ್ತನ ಚರಿತೆಯನ್ನು ಕನ್ನಡದ ದೇಶೀಯ ಛಂದಸ್ಸಿನಲ್ಲಿ ಹಾಡಿದುದು ಆಶ್ಚರ್ಯಕರವಾದ ಸಾಹಸ. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನು ಶೋಧಿಸಿ ಪ್ರಕಟಿಸಿದವನೂ, ೧೮೯೪ರಲ್ಲಿ ನಿಘಂಟನ್ನು ಮುಗಿಸಿದವನೂ ಅವನೇ. ಕನ್ನಡವನ್ನು ಅವನಷ್ಟು ಆಳವಾಗಿ ಅರಿತ ಪರದೇಶೀಯನು ಇನ್ನೊಬ್ಬನಿಲ್ಲ. ಆದರೂ ‘ಕಥಾಮಾಲೆ’ ಜನರ ನಾಲಗೆಯಲ್ಲಿ ನಿಲ್ಲಲಿಲ್ಲ. ಛಂದಸ್ಸು ಕಲಿತು ಬರುವುದು. ಛಂದಸ್ಸಿನೊಡನೆ ಬಾಲ್ಯದಲ್ಲಿ ಕೇಳಿದ ಕಥೆ, ಅಜ್ಜಿಯ ದನಿ, ಗಮಕಿಯ ಮನೆಯ ದೀಪ ಇವು ಕಲಿತು ಬರುವುವಲ್ಲ. ಕೃಷ್ಣಪಿಳ್ಳೆಗೆ ಇವೆಲ್ಲ ಇದ್ದವು, ಕಿಟ್ಟೆಲನಿಗೆ ಇರಲಿಲ್ಲ. ಇಷ್ಟೇ ಅಂತರ.

ಸಾಂಕೇತಿಕಕಥೆಯಿಂದ ಸಂಸಾರದ ಕಥೆಗೆ ಬಂದರೆ ದೋಷಪಕ್ಷವು ಬಲವಾಗುವುದು. ವಂಗಭಾಷೆಯಲ್ಲಿ ಹ್ಯಾನಾ ಮಲ್ಲೆನ್ಸ್ ಎಂಬಾಕೆ ೧೮೫೨ರಲ್ಲಿ ಬರೆದ ಫುಲ್ಮಣಿ ಮತ್ತು ಕರುಣೆಯರ ವೃತ್ತಾಂತವು ಈ ಜಾತಿಯ ಕಥೆಗಳಿಗೆ ಆದ್ಯಮಾದರಿ. ಫುಲ್ಮಣಿ ಶ್ರದ್ಧಾವಂತೆ, ಆದಕಾರಣ ಅವಳ ಮನೆ ಗುಡಿಸಿ ಒರಸಿ ಶುಭ್ರವಾಗಿರುವುದು. ಕರುಣೆ ಅಲಕ್ಷ್ಯಗಾರ್ತಿ, ಆದಕಾರಣ ಅವಳ ಮನೆ ಹಾಳು. ಪುಣ್ಯವೂ ಪೊರಕೆಯೂ ಒಂದೇ ಎಂಬಂತೆ ಕಥೆ ನಡೆಯುವುದು. ಬೆಳಗಾಂವಿಯಲ್ಲಿ ೧೮೩೧ರಲ್ಲಿ ಹುಟ್ಟಿದ ಬಾಬಾ ಪದ್ಮನ್‌ಜಿಯು ೧೮೫೭ರಲ್ಲಿ ಮರಾಠಿಯಲ್ಲಿ ಬರೆದ ‘ಯಮುನಾಪರ್ಯಟನ’ವು ಇದಕ್ಕಿಂತ ಎತ್ತರದ ಕೃತಿ. ಯಮುನೆಯು ಊರೂರು ತಿರುಗುತ್ತ ಕಾಣುವ ವಿಧವೆಯರ ದುಃಖದಲ್ಲಿ ಸತ್ಯದ ಕಾವಿದೆ. ಏಕೆಂದರೆ ಗ್ರಂಥಕರ್ತನು ಅಂಥ ಮನೆಗಳ ಒಳಗಿನಿಂದ ಬಂದವನು. ಕಥೆಯ ಕೊನೆಗೆ ಅವಳು ಕ್ರೈಸ್ತಳಾಗಿ ಪುನರ್ವಿವಾಹವಾಗುವುದು ಮಾತ್ರ ಆ ದುಃಖದ ಫಲವಾಗಿ ತೋರದೆ, ಗ್ರಂಥಕರ್ತನು ಮೊದಲೇ ಇಟ್ಟುಕೊಂಡಿದ್ದ ಉತ್ತರವಾಗಿ ತೋರುವುದು.

ಇಲ್ಲಿ ಆಲಂಕಾರಿಕರ ಒಂದು ವಿಭಾಗವು ಉಪಯೋಗಕ್ಕೆ ಬರುವುದು. ಉಪದೇಶವು ಮೂರು ಬಗೆ: ಪ್ರಭುವಿನಂತೆ ಆಜ್ಞಾಪಿಸುವುದು, ಮಿತ್ರನಂತೆ ತಿಳಿಸುವುದು, ಕಾಂತೆಯಂತೆ ಒಲಿಸುವುದು. ವೇದವು ಮೊದಲನೆಯದು, ಪುರಾಣೇತಿಹಾಸಗಳು ಎರಡನೆಯದು, ಕಾವ್ಯವು ಮೂರನೆಯದೆಂದು ಮಮ್ಮಟನ ಮತ. ಬೋಧಕಥೆಯ ಸಾಮಾನ್ಯದೋಷವೇನೆಂದರೆ, ಅದು ಕಾಂತೆಯ ಸೀರೆಯನ್ನುಟ್ಟು ಬಂದು ಪ್ರಭುವಿನ ಧ್ವನಿಯಲ್ಲಿ ಮಾತನಾಡುವುದು. ಓದುಗನು ಬೇಗನೆ ಕಂಡುಹಿಡಿಯುವನು. ಕಂಡುಹಿಡಿದ ಮೇಲೆ ಒಲಿಯುವುದಿಲ್ಲ. ಶಾಂತರಸವು ಉಪದೇಶದಿಂದ ಹುಟ್ಟುವುದಲ್ಲ, ವಿಭಾವಾನುಭಾವಗಳ ಪರಿಪೋಷದಿಂದ ಹುಟ್ಟುವುದು. ಮಹಾಭಾರತದಲ್ಲಿ ಶಾಂತವೇ ಅಂಗಿಯೆಂದು ಆನಂದವರ್ಧನನು ಹೇಳುವಾಗ, ಯಾದವರ ನಾಶ, ಪಾಂಡವರ ಅಂತ್ಯ ಈ ವಿರಸಾವಸಾನಗಳನ್ನು ಕಾರಣವಾಗಿ ತೋರಿಸುವನು, ಶಾಂತಿಪರ್ವದ ಬೋಧೆಗಳನ್ನಲ್ಲ.

ಕೊನೆಯು ಮೊದಲೇ ತಿಳಿದಿರುವುದರಿಂದ ಇಂಥ ಕಥೆಗಳು ನೀರಸವಾಗುವುವೆಂಬ ಆಕ್ಷೇಪವನ್ನು ಮಾತ್ರ ಒಪ್ಪಲಾಗದು. ಕನ್ನಡದ ಅತ್ಯಂತ ಹಳೆಯ ಗದ್ಯಗಳಲ್ಲೊಂದಾದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳ ಕೊನೆಯೂ ಓದುಗನಿಗೆ ಮೊದಲೇ ತಿಳಿದುದೇ: ನಾಯಕನು ವೈರಾಗ್ಯವನ್ನು ಹೊಂದಿ, ಉಪಸರ್ಗವನ್ನು ಸಹಿಸಿ, ಸಮಾಧಿಯಿಂದ ಮುಡಿಪುವನು. ಆದರೂ ಅವು ನೀರಸವಲ್ಲ. ವಿದ್ಯುಚ್ಚೋರನ ಕಥೆಯಲ್ಲಿ ಗ್ರಂಥಕಾರನು ಕಳ್ಳನ ಚಾತುರ್ಯವನ್ನು ಎಷ್ಟು ಸಂತೋಷದಿಂದ ವರ್ಣಿಸುವನೆಂದರೆ, ಅವನು ಋಷಿಯಾಗುವುದಕ್ಕೆ ಓದುಗನಿಗೇ ಅವಸರವಿರುವುದಿಲ್ಲ. ಸುಕುಮಾರನ ಮೈಯ ಕೋಮಲತೆಯನ್ನು ಸಾಸಿವೆಯ ಕಾಳಿನಿಂದ ಅಳೆದು ತೋರಿಸಿದ ಬಳಿಕವೇ ನರಿಯು ಆ ಮೈಯನ್ನು ತಿನ್ನುವ ದೃಶ್ಯವನ್ನು ಮುಂದಿಡುವನು. ಬಿಟ್ಟುಹೋಗಬೇಕಾದ ಲೋಕವನ್ನು ಅಷ್ಟು ಸಮೃದ್ಧವಾಗಿ ಕಟ್ಟಿದುದರಿಂದಲೇ ಬಿಡುವ ಕ್ರಿಯೆಗೆ ತೂಕ ಬಂದಿತು. ಕ್ರೈಸ್ತಕಥೆಗಳಲ್ಲಿ ಬಹುಭಾಗವು ಈ ಲೋಕವನ್ನು ಕಟ್ಟುವುದೇ ಇಲ್ಲ. ವಿಗ್ರಹವನ್ನೂ ಮದ್ಯದ ಅಂಗಡಿಯನ್ನೂ ದೂರದಿಂದ ತೋರಿಸಿ, ಇವು ಕೆಟ್ಟವು, ಮುಂದೆ ನಡೆಯಿರಿ ಎಂದುಬಿಡುವುವು. ತ್ಯಜಿಸುವವನಿಗೆ ಪ್ರಿಯವಲ್ಲದುದನ್ನು ತ್ಯಜಿಸಿದರೆ ತ್ಯಾಗವೆಲ್ಲಿ? ಬನಿಯನ್ನನು ಮಾತ್ರ ಇದನ್ನು ಅರಿತಿದ್ದನು. ಅವನ ಯಾತ್ರಿಕನು ಹೆಂಡತಿಮಕ್ಕಳು ಕೂಗಿ ಕರೆಯುತ್ತಿರಲು ಕಿವಿಯಲ್ಲಿ ಬೆರಳಿಟ್ಟುಕೊಂಡು ಓಡುವನು. ಆ ಬೆರಳುಗಳೇ ಅವನ ಕಿವಿಗೆ ಆ ಕೂಗು ಎಷ್ಟು ಪ್ರಿಯವೆಂಬುದನ್ನು ಹೇಳುವುವು. ಆರು ವರ್ಷಗಳ ಬಳಿಕ ಎರಡನೆಯ ಭಾಗದಲ್ಲಿ ಆ ಹೆಂಡತಿಯನ್ನೂ ಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಯಿಸಿದನು. ಯಶೋಧರೆಯ ಕಡೆಯಿಂದ ಬುದ್ಧಚರಿತೆಯನ್ನು ನೋಡಿದ ಮಾಸ್ತಿಯವರಿಗೆ ಈ ಎರಡನೆಯ ಭಾಗವು ಪ್ರಿಯವಾಗಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಈ ಗುಣದೋಷಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮುಗಿದುಹೋದುವಲ್ಲ. ಅಮೆರಿಕದಲ್ಲಿ ಬೋಧಕಥೆಯು ಈಗ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಅದರಲ್ಲಿ ವಿಚಾರಾರ್ಹವಾದ ಒಂದು ಶಾಖೆ ‘ಆಮಿಶ್’ ಕಾದಂಬರಿ. ಆಮಿಶರೆಂದರೆ ಸ್ವಿಸ್ ದೇಶ ಮತ್ತು ಆಲ್ಸಾಸ್ ಸೀಮೆಗಳಲ್ಲಿ ೧೬೯೩ರಲ್ಲಿ ಯಾಕೊಬ್ ಅಮ್ಮನ್ ಎಂಬವನ ಪಕ್ಷವನ್ನು ಹಿಡಿದು ಬೇರೆಯಾದ ಅನಾಬ್ಯಾಪ್ಟಿಸ್ಟ್ ಪಂಗಡದವರು. ಶಿಶುಗಳಿಗೆ ದೀಕ್ಷಾಸ್ನಾನ ಕೂಡದು, ಪ್ರಾಪ್ತವಯಸ್ಕನು ಅರಿತು ನೀರಿಗಿಳಿಯಬೇಕು ಎಂಬುದು ಅವರ ಮೂಲತತ್ತ್ವ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ಹೋಗಿ ನೆಲೆಸಿ, ಕುದುರೆಗಾಡಿಯನ್ನೂ ಸಾದಾ ಉಡುಪನ್ನೂ ಒಂದು ಬಗೆಯ ಜರ್ಮನ್ ಆಡುನುಡಿಯನ್ನೂ ಇಂದಿಗೂ ಉಳಿಸಿಕೊಂಡಿರುವರು. ಮಂಗಳೂರಿಗೆ ಹಂಚನ್ನೂ ಅಚ್ಚಿನ ಮೊಳೆಯನ್ನೂ ಕಳುಹಿಸಿದ ಬಾಸೆಲ್ ಪಟ್ಟಣವು ಆಮಿಶರು ಹುಟ್ಟಿದ ಆಲ್ಸಾಸಿನ ಅಂಚಿನಲ್ಲಿಯೇ ಇದೆ. ರೈನ್ ನದಿಯ ಒಂದೇ ತೀರದಿಂದ ಒಂದು ಗುಂಪು ಲೋಕವನ್ನು ಬಿಟ್ಟು ಪಡುವಣಕ್ಕೂ, ಇನ್ನೊಂದು ಲೋಕವನ್ನು ತಿದ್ದಲು ಮೂಡಣಕ್ಕೂ ಹೊರಟಿತು.

ಇವರನ್ನು ಕುರಿತ ಕಥೆಗಳಲ್ಲಿ ಹಳೆಯವು ಎರಡು ಬಗೆ. ಹೆಲೆನ್ ಮಾರ್ಟಿನ್ ಎಂಬಾಕೆಯು ಇವರ ಸೋದರಪಂಗಡದವರಾದ ಮೆನೊನೈಟರ ಹುಡುಗಿಯೊಬ್ಬಳನ್ನು ಕುರಿತು ೧೯೦೪ರಲ್ಲಿ ಬರೆದುದು ಹೊರಗಿನವರ ಪರಿಹಾಸ. ಆಮಿಶ್ ಮನೆಯಲ್ಲಿಯೇ ಬೆಳೆದ ಜೋಸೆಫ್ ಯೋಡರನು ೧೯೪೦ರಲ್ಲಿ ತನ್ನ ತಾಯಿಯ ಕಥೆಯನ್ನು ‘ರೊಸನ್ನಾ’ ಎಂದು ಬರೆದುದು ಒಳಗಿನವನ ಪ್ರತ್ಯುತ್ತರ. ಈಗಿನ ಪ್ರವಾಹವು ಬೆವರ್ಲಿ ಲೂಯಿಸ್ ಎಂಬಾಕೆಯು ೧೯೯೭ರಲ್ಲಿ ಪ್ರಕಟಿಸಿದ, ‘ಬಹಿಷ್ಕಾರ’ವೆಂಬ ಅರ್ಥದ ಹೆಸರುಳ್ಳ ಕಾದಂಬರಿಯಿಂದ ಮೊದಲಾಯಿತೆಂದು ಎಣಿಸುವರು. ಇವುಗಳ ಗುಣವನ್ನು ಅಲ್ಲಗಳೆಯಬಾರದು. ಹೊಲದ ಕೆಲಸ, ರೊಟ್ಟಿ ಸುಡುವುದು, ಕೌದಿ ಹೊಲಿಯುವುದು, ನೆರೆಯವರೆಲ್ಲ ಕೂಡಿ ಕಣಜವನ್ನು ಕಟ್ಟುವುದು, ಇಂಥ ಗೃಹಕೃತ್ಯಗಳನ್ನು ಅವು ಆದರದಿಂದ ವರ್ಣಿಸುವುವು, ಶೃಂಗಾರದಲ್ಲಿ ಸಂಯಮವಿದೆ, ಕ್ಷಮೆಯೆಂಬ ಗುಣವು ಮಾತಿನಲ್ಲಿ ಅಲ್ಲದೆ ನಡತೆಯಲ್ಲಿ ತೋರಬೇಕೆಂಬ ಅರಿವಿದೆ. ೨೦೦೬ರಲ್ಲಿ ಪೆನ್ಸಿಲ್ವೇನಿಯದ ನಿಕಲ್ ಮೈನ್ಸ್ ಗ್ರಾಮದ ಶಾಲೆಯಲ್ಲಿ ಒಬ್ಬನು ಐವರು ಹುಡುಗಿಯರನ್ನು ಕೊಂದಾಗ, ಆಮಿಶರು ಅಂದೇ ಕೊಂದವನ ಮನೆಯವರ ಬಳಿಗೆ ಹೋಗಿ ಕ್ಷಮೆಯನ್ನು ನುಡಿದರು. ಆ ಕೃತ್ಯದ ಮುಂದೆ ಕಾದಂಬರಿಗಳ ಕ್ಷಮೆಯೆಲ್ಲ ಅಗ್ಗವಾಗಿ ಕಾಣುವುದು ಬೇರೆ ಮಾತು.

ಅವುಗಳ ದೋಷವು ಮೂಲದಲ್ಲಿಯೇ ಇದೆ. ಬರೆಯುವವರಲ್ಲಿ ಹೆಚ್ಚಿನವರು ಆಮಿಶರಲ್ಲ, ಓದುವವರೂ ಅಲ್ಲ. ಹದಿನಾರನೆಯ ಶತಮಾನದ ‘ಔಸ್‌ಬುಂಡ್’ ಎಂಬ ಗೀತಸಂಗ್ರಹ, ೧೬೬೦ರ ‘ಹುತಾತ್ಮರ ದರ್ಪಣ’ ಇವು ಆ ಜನರಿಗೆ ಪೂಜ್ಯವಾದ ಪುಸ್ತಕಗಳು. ಮೊದಲನೆಯದರ ಬಹುಭಾಗವು ಸೆರೆಯಲ್ಲಿದ್ದವರು ಹಾಡಿದುದು, ಎರಡನೆಯದು ಸುಡಲ್ಪಟ್ಟವರ, ನೀರಿನಲ್ಲಿ ಮುಳುಗಿಸಲ್ಪಟ್ಟವರ ಚರಿತೆ. ಕಾದಂಬರಿಯ ನಾಯಿಕೆಗಾದರೋ ಇಂಥ ಸ್ಮರಣೆಯಿಲ್ಲ. ಸಮುದಾಯದ ಕಟ್ಟಳೆಯೇ ಆಮಿಶರಿಗೆ ಭಕ್ತಿಯ ರೂಪ. ಕಾದಂಬರಿಕಾರ್ತಿಗೆ ಅದು ನಾಯಿಕೆಯು ದಾಟಬೇಕಾದ ಬೇಲಿ. ಕೊನೆಗೆ ಅವಳು ಕಂಡುಕೊಳ್ಳುವ ದೇವರು ಪೆನ್ಸಿಲ್ವೇನಿಯದ ಹಳ್ಳಿಯವನಲ್ಲ, ಪುಸ್ತಕವನ್ನು ಕೊಳ್ಳುವ ಪಟ್ಟಣದ ಓದುಗಳವನು. ವೇಷವು ಆಮಿಶರದು, ಆತ್ಮವು ಪರರದು.

ಇಲ್ಲಿಗೆ ಕನ್ನಡನಾಡಿನ ಸಂಗತಿಯು ಸ್ಪಷ್ಟವಾಗುವುದು. ಆಮಿಶ್ ಕಾದಂಬರಿಯಲ್ಲಿ ಪರರು ಒಂದು ಜನವನ್ನು ಕುರಿತು ಪರರಿಗಾಗಿ ಬರೆಯುವರು. ಮಿಶನ್ನಿನ ಕಿರುಹೊತ್ತಗೆಯಲ್ಲಿ ಪರರು ಒಂದು ಜನವನ್ನು ಕುರಿತು ಆ ಜನಕ್ಕೇ ಬರೆದರು. ಎರಡರಲ್ಲಿಯೂ ವರ್ಣಿತನಾದವನು ಬಾಯಿ ತೆರೆಯಲಿಲ್ಲ. ಮಂಗಳೂರಿನಲ್ಲಿ ೧೮೪೪ರಲ್ಲಿ ಕ್ರೈಸ್ತನಾದ ಆನಂದರಾವ್ ಕೌಂಡಿನ್ಯನ ಮತಾಂತರವು ಯೂರೋಪಿನ ಮಿಶನ್ ಬಂಧುಗಳಿಗೆ ಸ್ಫೂರ್ತಿದಾಯಕವಾದ ಕಥೆಯಾಯಿತು. ಅವನು ಬಾಸೆಲಿಗೆ ಹೋಗಿ ಕಲಿತು, ಹಿಂದಿರುಗಿ ತಾನೇ ಪಾದ್ರಿಯಾದನು. ಜನಿವಾರವನ್ನು ತೆಗೆದ ದಿನ ಅವನ ಮನೆಯಲ್ಲಿ ಏನಾಯಿತೆಂಬುದನ್ನು ಕನ್ನಡದ ಕಥೆಯೊಂದು ಆಗ ಹೇಳಿದ್ದರೆ, ಕನ್ನಡ ಕಾದಂಬರಿಯ ಚರಿತ್ರೆಯ ಮೊದಲನೆಯ ಪುಟವೇ ಬೇರೆಯಾಗುತ್ತಿದ್ದಿತು.

ಚಾಂಪಿಯನ್ ರೀಫ್ಸಿನಲ್ಲಿ ಈ ಮೌನವು ಒಡೆದುದು ಕ್ರೈಸ್ತರಿಂದಲ್ಲ, ಬೌದ್ಧರಿಂದ. ಅಯೋತ್ತಿದಾಸ ಪಂಡಿತರು (೧೮೪೫–೧೯೧೪) ೧೮೯೮ರಲ್ಲಿ ಮದರಾಸಿನಲ್ಲಿ ಶಾಕ್ಯಬೌದ್ಧಸಂಘವನ್ನು ಸ್ಥಾಪಿಸಿ, ಅಸ್ಪೃಶ್ಯರೆನಿಸಿಕೊಂಡ ತಮಿಳರು ಪೂರ್ವದಲ್ಲಿ ಬೌದ್ಧರೇ ಎಂದು ಸಾಧಿಸಿದರು. ೧೯೦೭ರಿಂದ ಒಂದು ವಾರಪತ್ರಿಕೆಯನ್ನೂ ನಡೆಸಿದರು. ಗಣಿಗಳ ಕೆಲಸಗಾರರಲ್ಲಿ ಅವರ ಮಾತಿಗೆ ಬಹಳ ಮನ್ನಣೆ ದೊರೆಯಿತು. ಚಾಂಪಿಯನ್ ರೀಫ್ಸಿನಲ್ಲಿ ಸಂಘದ ಶಾಖೆ ಬೆಳೆಯಿತು, ‘ಸಿದ್ಧಾರ್ಥ’ನ ಹೆಸರಿನಲ್ಲಿ ಪುಸ್ತಕಶಾಲೆ ಹುಟ್ಟಿತು, ಪಂಡಿತರ ಕೃತಿಗಳು ಅಲ್ಲಿ ಅಚ್ಚಾದವು, ನಿಂತುಹೋಗಿದ್ದ ಪತ್ರಿಕೆಯು ‘ತಮಿಳನ್’ ಎಂಬ ಹೆಸರಿನಿಂದ ಗಣಿಪ್ರಾಂತದಿಂದಲೇ ಮತ್ತೆ ಹೊರಟಿತು. ಕಿರುಹೊತ್ತಗೆಯೆಂಬ ಆಯುಧವನ್ನು ಈ ದೇಶಕ್ಕೆ ತಂದವರು ಮಿಶನರಿಗಳು. ಗಣಿಯ ಬೌದ್ಧರು ಅದನ್ನು ತಮ್ಮ ಕೈಗೆ ತೆಗೆದುಕೊಂಡು, ಬರೆಯುವವನೂ ಓದುವವನೂ ಒಂದೇ ಸಾಲಿನ ಮನೆಗಳವರಾಗುವಂತೆ ಮಾಡಿದರು. ಅವರ ಐತಿಹ್ಯವಾದಗಳಲ್ಲಿ ಶಬ್ದನಿಷ್ಪತ್ತಿಯ ದೃಷ್ಟಿಯಿಂದ ನಿಲ್ಲದವು ಅನೇಕವುಂಟು. ಆದರೆ ಫುಲ್ಮಣಿಯ ಮನೆಯನ್ನು ಗುಡಿಸಿದಂತೆ ತಮ್ಮ ಮನೆಯನ್ನು ಬೇರೆಯವರು ಬಂದು ಗುಡಿಸಿಕೊಡಲೆಂದು ಅವರು ಕಾಯಲಿಲ್ಲ.

ಕನ್ನಡ ಕ್ರೈಸ್ತರೊಳಗೆ ಈ ಸ್ವಾಧೀನತೆಯು ನಿಧಾನವಾಗಿ ಬಂದಿತು. ಬಾಸೆಲ್ ಮಿಶನ್ನಿನ ಸಭೆಯ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨) ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಬರೆದರು. ಹೆಸರಿನಲ್ಲಿರುವ ‘ವಿನಂತಿ’ ಎಂಬ ಮಾತನ್ನು ಗಮನಿಸಬೇಕು. ಪ್ರಭುವಿನ ಧ್ವನಿಯಿಂದ ಮಿತ್ರನ ಧ್ವನಿಗೆ ಬಂದ ಬದಲಾವಣೆಯು ಅದರಲ್ಲಿಯೇ ಇದೆ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದವರೂ ಅವರೇ. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಿಟ್ಟೆಲನ ‘ಕಥಾಮಾಲೆ’ ಸಾಧಿಸದುದನ್ನು ಕ್ರೈಸ್ತರಲ್ಲದ ಇಬ್ಬರು ಸಾಧಿಸಿದರೆಂಬುದೂ ಇಲ್ಲಿ ಸ್ಮರಣೀಯ. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಹಾಡಿದರು. ಕಾರ್ಡಿನಲ್ ನ್ಯೂಮನ್ನನು ೧೮೩೩ರಲ್ಲಿ ರಚಿಸಿದ ಪ್ರಾರ್ಥನಾಗೀತವು ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ಶಾಲೆಶಾಲೆಗಳ ಪ್ರಾರ್ಥನೆಯಾಯಿತು. ಅದು ಕ್ರೈಸ್ತಗೀತವೆಂಬುದನ್ನು ಹಾಡುವ ಮಕ್ಕಳಲ್ಲಿ ಅನೇಕರು ಅರಿಯರು. ಮತಕ್ಕೆ ಸೇರಿಸಬೇಕೆಂಬ ಉದ್ದೇಶವಿಲ್ಲದ ಕೈಗಳಲ್ಲಿ ಕ್ರೈಸ್ತವಸ್ತುವು ಕನ್ನಡ ಕಾವ್ಯವಾಯಿತು. ಸಂಸಾರಕಥೆಯಲ್ಲಿ ಈ ಕೆಲಸವನ್ನು ಮಾಡಿದವರು ಮಲೆನಾಡಿನ ನಾ. ಡಿಸೋಜ (೧೯೩೭–೨೦೨೫). ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯ ಹೆಸರೇ ಬೋಧಕಥೆಗೂ ಕಾದಂಬರಿಗೂ ಇರುವ ಭೇದವನ್ನು ಸೂಚಿಸುವುದು: ಹಳೆಯ ಕಥೆಗಳಲ್ಲಿ ಇಗರ್ಜಿಯು ದಾರಿಯ ಕೊನೆಯಲ್ಲಿತ್ತು, ಇಲ್ಲಿ ಅದು ನಡುವೆಯಿದೆ, ಕಥೆಯು ಅದರ ಸುತ್ತಣ ಮನೆಗಳಲ್ಲಿ ನಡೆಯುವುದು.

ಕೋಲಾರದ ಗಣಿಗಳು ೨೦೦೧ನೆಯ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟವು. ಚಾಂಪಿಯನ್ ರೀಫ್ ಗಣಿಯು ಆ ವೇಳೆಗೆ ಹತ್ತು ಸಾವಿರ ಅಡಿಗಳಿಗೂ ಮಿಗಿಲಾದ ಆಳವನ್ನು ಮುಟ್ಟಿದ್ದಿತು. ಕೆಲಸ ತಪ್ಪಿದ ಮನೆಗಳವರು ಬೆಂಗಳೂರಿನ ರೈಲನ್ನು ಹತ್ತುವರು. ಊರನ್ನೇ ಬಿಟ್ಟ ಮನೆಗಳೂ ಅನೇಕ. ಮನೆ ಖಾಲಿಯಾಗುವಾಗ ಮೊದಲು ತೂಕಕ್ಕೆ ಹೋಗುವುವು ಹೊದಿಕೆ ಹರಿದ ಕಿರುಹೊತ್ತಗೆಗಳು: ತಮಿಳಿನ ಜ್ಞಾನಗೀತೆಗಳು, ತೆಲುಗಿನ ಕೀರ್ತನೆಗಳು, ಬಂಗಾರಪೇಟೆಯ ಕಡೆಯಿಂದ ಬಂದ ಕನ್ನಡದ ಬೋಧಕಥೆಗಳು, ಸಿದ್ಧಾರ್ಥ ಪುಸ್ತಕಶಾಲೆಯ ಬೌದ್ಧಪತ್ರಗಳು. ಮೋಗ್ಲಿಂಗನು ಬಸವಪುರಾಣದ ಓಲೆಗಳನ್ನು ಹುಡುಕಿಸಿದ ಕಾಲದಲ್ಲಿ ಈ ನಾಡಿನ ವಿದ್ವಾಂಸರು ಅವುಗಳನ್ನು ಅಚ್ಚಿಗೆ ತರುವ ವಸ್ತುವೆಂದು ಎಣಿಸಿರಲಿಲ್ಲ. ಹುಡುಕಿದವನು ಪರಮತದವನು, ಹುಡುಕುವ ಉದ್ದೇಶವೂ ಅವನದೇ. ಆದರೂ ಓಲೆಗಳು ಉಳಿದವು. ನಾಲ್ಕು ಭಾಷೆಗಳ ಈ ಹರಕುಪುಸ್ತಕಗಳನ್ನು ಒಂದೇ ಕಪಾಟಿನಲ್ಲಿಟ್ಟು, ಯಾವುದರಲ್ಲಿ ಯಾವ ಪದ ಎಲ್ಲಿಂದ ಬಂದಿತೆಂದು ಗುರುತುಹಾಕುವುದಕ್ಕೆ ಕೋಲಾರ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಅಧ್ಯಾಪಕರಿಗಿಂತ ಸಮೀಪದಲ್ಲಿರುವವರು ಬೇರೆ ಯಾರೂ ಇಲ್ಲ.